ಕರಿಬೇವಿನ ಗಿಡದಲ್ಲಿ ಹುಳು ಕಂಡರೆ: ಮನೆಯಲ್ಲೇ ಒಂದು ಚಿಟ್ಟೆ ಸಾಕುವ ಬಗೆ

ಒಗ್ಗರಣೆಗೆ ಅಂತ ಕರಿಬೇವು ಕೀಳಲು ಹೋಗುತ್ತೀರಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಏನೋ ಕಾಣುತ್ತದೆ. ಕಂದು ಬಣ್ಣ, ನಡುವೆ ಬಿಳಿ ಪಟ್ಟೆ, ಮೇಲೆ ಒದ್ದೆ ಒದ್ದೆ ಹೊಳಪು. ಬೆರಳು ತಾಗಿಸಿದರೆ ಆ ಹಿಕ್ಕೆಯ ಒಂದು ತುದಿಯಿಂದ ಎರಡು ಮೆತ್ತನೆ ಕೊಂಬು ಹೊರಗೆ ಚಾಚಿಕೊಳ್ಳುತ್ತವೆ, ಜೊತೆಗೆ ಕೊಳೆತ ನಿಂಬೆಹಣ್ಣಿನ ವಾಸನೆ. ಇಷ್ಟಾದ ಮೇಲೆ ಬಹಳ ಜನ ಎಲೆ ಸಮೇತ ಕಿತ್ತು ಕಾಂಪೌಂಡ್ ಆಚೆ ಎಸೆಯುತ್ತಾರೆ.

ಎಸೆಯಬೇಡಿ. ಅದು ನಿಂಬೆ ಚಿಟ್ಟೆಯ ಹುಳು. ಇಲ್ಲವೇ ಅದರ ನೆಂಟ ಕಾಮನ್ ಮಾರ್ಮನ್ ಚಿಟ್ಟೆಯದು. ಕರ್ನಾಟಕದ ಯಾವ ಊರಿನಲ್ಲಾದರೂ, ಬೆಂಗಳೂರಿನ ಎರಡನೇ ಮಹಡಿಯ ಬಾಲ್ಕನಿಯಲ್ಲೂ, ಒಂದು ಕರಿಬೇವಿನ ಕುಂಡ ಇಟ್ಟರೆ ಇವೆರಡರಲ್ಲಿ ಒಂದು ಹುಡುಕಿಕೊಂಡು ಬರುತ್ತದೆ. ಮೊಟ್ಟೆಯಿಂದ ಚಿಟ್ಟೆ ಆಗಲು ಸುಮಾರು ಒಂದು ತಿಂಗಳು ಸಾಕು. ದುಡ್ಡು ಖರ್ಚಿಲ್ಲ. ದಿನಕ್ಕೆ ಹತ್ತು ನಿಮಿಷ ಬೇಕು, ಅಷ್ಟೇ.

ನನ್ನ ಅಜ್ಜಿ ಮನೆ ಕನಕಪುರದ ಕಡೆ. ಅಲ್ಲಿ ರೇಷ್ಮೆ ಸಾಕುತ್ತಿದ್ದರು. ಚಿಟ್ಟೆ ಸಾಕುವುದರ ಬಗ್ಗೆ ನಾನು ಇಂಗ್ಲಿಷ್ ವಿಡಿಯೋಗಳನ್ನು ನೋಡಿ, ಹೊಸ ಹೊಸ ಪದ ಬರೆದುಕೊಂಡು ಒದ್ದಾಡುತ್ತಿದ್ದಾಗ, ಒಂದು ದಿನ ಡಬ್ಬಿಯಲ್ಲಿ ಅಲುಗಾಡದೆ ಕೂತ ಹುಳು ನೋಡಿ ಅಜ್ಜಿ ಅಂದರು: "ಜ್ವರಕ್ಕೆ ಕೂತದೆ ಕಣ್ಮಗಾ, ಮುಟ್‌ಬ್ಯಾಡ." ಹುಳು ಪೊರೆ ಬಿಡುವುದಕ್ಕೆ ರೇಷ್ಮೆ ಸಾಕುವವರು ಜ್ವರ ಅನ್ನುತ್ತಾರೆ. ಆಮೇಲೆ ಗೊತ್ತಾಯಿತು, ನನಗೆ ಬೇಕಾದ ಮಾತುಗಳೆಲ್ಲ ಅಜ್ಜಿ ಹತ್ತಿರವೇ ಇದ್ದವು. ಎಳೆ ಹುಳುವಿಗೆ ಚಾಕಿ, ಪೊರೆ ಬಿಡುವುದಕ್ಕೆ ಜ್ವರ, ತಿಂದು ಮುಗಿಸಿದ ಹುಳುವಿಗೆ ಹಣ್ಣು ಹುಳು, ಅದು ಗೂಡು ಕಟ್ಟುವ ತಟ್ಟೆಗೆ ಚಂದ್ರಿಕೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅರ್ಧ ಅಜ್ಜಿಯ ಪಾಠವೇ.

ಮೊದಲು ಸೊಪ್ಪು, ಆಮೇಲೆ ಹುಳು

ಹುಳು ತರುವ ಮುಂಚೆ ಸೊಪ್ಪಿನ ಲೆಕ್ಕ ಹಾಕಿ. ಚಿಟ್ಟೆ ಹುಳುಗಳು ಸಿಕ್ಕಿದ್ದೆಲ್ಲ ತಿನ್ನುವುದಿಲ್ಲ. ಒಂದೊಂದಕ್ಕೆ ಒಂದೊಂದು ಗಿಡ. ನಿಂಬೆ ಚಿಟ್ಟೆಗೆ ನಿಂಬೆ, ಕರಿಬೇವು, ಕಿತ್ತಳೆ, ಚಕ್ಕೋತ, ಬಿಲ್ವ ಆಗುತ್ತವೆ. ಇವೆಲ್ಲ ಒಂದೇ ಕುಟುಂಬದ ಗಿಡಗಳು. ಕೋಸು, ಪಾಲಕ್ ಹಾಕಿದರೆ ಹುಳು ಅದರ ಮೇಲೆ ಓಡಾಡಿ, ಮೂಸಿ, ಉಪವಾಸ ಬಿದ್ದು ಸಾಯುತ್ತದೆ. ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಸೊಪ್ಪನ್ನೇ ಕೊನೆವರೆಗೂ ಕೊಡಿ. ನಿಂಬೆ ಎಲೆ ತಿಂದು ಬೆಳೆದ ಹುಳುವಿಗೆ ಮಧ್ಯದಲ್ಲಿ ಕರಿಬೇವು ಕೊಟ್ಟರೆ ಕೆಲವು ಸಲ ಮುಖ ತಿರುಗಿಸುತ್ತದೆ.

ಎಷ್ಟು ಸೊಪ್ಪು ಬೇಕು? ಮೊದಲ ವಾರ ಒಂದು ಎಲೆಯೂ ಜಾಸ್ತಿ. ಕೊನೆಯ ವಾರ ನಂಬುವುದಕ್ಕೆ ಆಗದಷ್ಟು. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಜಾಸ್ತಿ ಪಾಲನ್ನು ನಾಲ್ಕನೇ ಜ್ವರ ಮುಗಿದ ಮೇಲೆ ತಿನ್ನುತ್ತದೆ. ಇದರ ಕಥೆಯೂ ಹಾಗೆಯೇ. ಮೊಣಕಾಲೆತ್ತರದ ಕರಿಬೇವಿನ ಕುಂಡ ಒಂದಿದ್ದರೆ ಒಂದು ಹುಳು ಸಾಕಬಹುದು, ಧೈರ್ಯ ಮಾಡಿ ಎರಡು. ಐದು ತಂದಿಟ್ಟುಕೊಂಡು ಹತ್ತನೇ ದಿನ ಅಕ್ಕಪಕ್ಕದ ಮನೆಯವರ ಗಿಡ ಕೇಳಿಕೊಂಡು ಅಲೆಯುವುದು ಬೇಡ. ನಾನು ಅಲೆದಿದ್ದೇನೆ. "ಕರಿಬೇವು ಒಗ್ಗರಣೆಗೋ, ನಿನ್ನ ಹುಳಕ್ಕೋ?" ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಅಂಗಡಿಯ ಕರಿಬೇವು ಮಾತ್ರ ಬೇಡವೇ ಬೇಡ. ಒಮ್ಮೆ ಗಿಡ ಬೋಳಾಗಿ, ಸಂಜೆ ಮಾರುಕಟ್ಟೆಯಿಂದ ಒಂದು ಕಟ್ಟು ತಂದೆ. ಮೂರು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿ ಹಾಕಿದೆ. ಬೆಳಿಗ್ಗೆ ನೋಡಿದರೆ ಹುಳು ಹಸಿರು ನೀರು ಕಕ್ಕಿ, ಮೈ ಸೊಟ್ಟ ಮಾಡಿಕೊಂಡು ಬಿದ್ದಿತ್ತು. ಹುಳು ಬರಬಾರದು ಅಂತಲೇ ಹೊಡೆದ ಔಷಧಿ ಅಲ್ವಾ, ತೊಳೆದರೆ ಎಲ್ಲಿ ಹೋಗುತ್ತದೆ? ಸ್ವಂತ ಗಿಡಕ್ಕೆ ಬೇವಿನೆಣ್ಣೆ ಸಿಂಪಡಿಸಿದ್ದರೂ ಅದೇ ಗತಿ. ಹುಳು ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ಮೆಷಿನ್, ಜಿರಳೆ ಸ್ಪ್ರೇ ಯಾವುದೂ ಕೂಡದು.

ಎಲ್ಲಿ ಹುಡುಕಬೇಕು

ಬಿಸಿಲಿರುವ ಬೆಳಗ್ಗೆ ಹೊತ್ತು ಗಿಡದ ಹತ್ತಿರ ಸುಮ್ನೆ ಕೂತುಕೊಳ್ಳಿ. ಮಳೆ ಶುರುವಾಗಿ ಗಿಡ ಚಿಗುರಿದ ಮೇಲೆ, ಜೂನ್‌ನಿಂದ ನವೆಂಬರ್‌ವರೆಗೆ, ಒಳ್ಳೆಯ ಸಮಯ. ಹೂವಿನ ಕಡೆ ಹೋಗದೆ ಎಲೆ ಸುತ್ತ ಸುತ್ತುತ್ತಿರುವ ಚಿಟ್ಟೆ ಕಂಡರೆ ಅದು ತಾಯಿ. ಎಲೆ ಮೇಲೆ ಇಳಿದು ಮುಂಗಾಲಿನಿಂದ ಪಟಪಟ ಬಡಿಯುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲಿ. ಇದು ಕರಿಬೇವೇ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಂಡು, ಹೊಟ್ಟೆ ಬಗ್ಗಿಸಿ, ಒಂದೇ ಒಂದು ಮೊಟ್ಟೆ ಅಂಟಿಸಿ ಹಾರಿಹೋಗುತ್ತದೆ. ಎರಡು ಸೆಕೆಂಡಿನ ಕೆಲಸ.

ಮೊಟ್ಟೆ ಚಿಗುರೆಲೆಯಲ್ಲಿರುತ್ತದೆ. ಗುಂಡು ಪಿನ್ನಿನ ತಲೆಯಷ್ಟು, ತಿಳಿ ಹಳದಿ. ನಾಲ್ಕೈದು ದಿನದಲ್ಲಿ ಒಡೆಯುತ್ತದೆ, ಒಡೆಯುವ ಮುಂಚೆ ಕಪ್ಪಾಗುತ್ತದೆ. ಮರಿಯ ಮೊದಲ ಊಟ ತನ್ನ ಮೊಟ್ಟೆಯ ಸಿಪ್ಪೆಯೇ. ಮೊಟ್ಟೆಯನ್ನು ಕೀಳಬೇಡಿ, ಆ ಎಲೆ ಇರುವ ಕಡ್ಡಿಯನ್ನೇ ಕತ್ತರಿಸಿ ತನ್ನಿ.

ಒಂದು ಎಚ್ಚರಿಕೆ. ಮೈತುಂಬ ಕೂದಲಿರುವ ಕಂಬಳಿ ಹುಳು ಬೇರೆ. ನುಗ್ಗೆ ಮರದ ಕಾಂಡದಲ್ಲಿ ಗುಂಪಾಗಿ ಕೂರುತ್ತದಲ್ಲ, ಅದನ್ನು ಮುಟ್ಟಿದರೆ ಕೈ ತುರಿಸಿ ಊದಿಕೊಳ್ಳುತ್ತದೆ. ಅದು ಪತಂಗದ ಹುಳು. ನಿಂಬೆ ಚಿಟ್ಟೆಯ ಹುಳು ಬೋಳು ಮೈಯದು, ಅದರಿಂದ ಏನೂ ಆಗುವುದಿಲ್ಲ. ಮಕ್ಕಳಿಗೆ ಮೊದಲು ಈ ವ್ಯತ್ಯಾಸ ಹೇಳಿಕೊಡಿ. ಹಾಗೆಯೇ ಕಾಡಿಗೆ ಹೋದಾಗ ಗೊತ್ತಿಲ್ಲದ ಹುಳು ಜೇಬಿಗೆ ಹಾಕಿಕೊಂಡು ಬರಬೇಡಿ. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮೇಲಾಗಿ ಅದು ತಿನ್ನುವ ಸೊಪ್ಪು ನಿಮ್ಮ ಮನೆ ಹತ್ತಿರ ಸಿಗುವುದೂ ಇಲ್ಲ.

ಡಬ್ಬಿ

ಸಿಹಿ ತಿಂಡಿ ಬರುವ ಎರಡು ಕೆಜಿ ಪ್ಲಾಸ್ಟಿಕ್ ಡಬ್ಬಿ ಚೆನ್ನಾಗಿರುತ್ತದೆ. ಮುಚ್ಚಳ ಬೇಡ, ಹಳೆಯ ಸೊಳ್ಳೆ ಪರದೆ ತುಂಡು ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿ. ಒಳಗೆ ಹಾಸಲು ಒಂದು ಹಾಳೆ ಪೇಪರ್. ಎತ್ತರ ಒಂದು ಗೇಣಾದರೂ ಇರಲಿ. ಕೊನೆಗೆ ಚಿಟ್ಟೆ ರೆಕ್ಕೆ ಇಳಿಬಿಟ್ಟು ನೇತಾಡಲು ಆ ಜಾಗ ಬೇಕು.

ಸೊಪ್ಪು ಬಾಡದಿರಲಿ ಅಂತ ಕಡ್ಡಿಯನ್ನು ಚಿಕ್ಕ ಔಷಧಿ ಬಾಟಲಿಯ ನೀರಿನಲ್ಲಿ ನಿಲ್ಲಿಸಬಹುದು. ಆದರೆ ಬಾಟಲಿ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಕಡ್ಡಿ ಹಿಡಿದು ಕೆಳಗೆ ಇಳಿದು ನೀರಿಗೆ ಬೀಳುತ್ತದೆ. ನೇರ ಬಿಸಿಲು ಬೀಳದ, ಗಾಳಿ ಆಡುವ ಜಾಗದಲ್ಲಿಡಿ. ಮೇಜಿನ ಮೇಲಾದರೆ ನೀರು ತುಂಬಿದ ತಟ್ಟೆಯ ನಡುವೆ ಡಬ್ಬಿ ಇಡಿ, ಇರುವೆ ಬರುವುದಿಲ್ಲ.

ಸೊಪ್ಪು, ಹಿಕ್ಕೆ, ಜ್ವರ

ಚಾಕಿ ಹುಳುವಿಗೆ ಚಿಗುರು, ದೊಡ್ಡದಕ್ಕೆ ಬಲಿತ ಎಲೆ. ರೇಷ್ಮೆಯಲ್ಲೂ ಇದೇ ನಿಯಮ. ಎಲೆ ಒದ್ದೆ ಇರಬಾರದು, ಮಳೆಯಲ್ಲಿ ಕಿತ್ತಿದ್ದರೆ ಒರೆಸಿ ಹಾಕಿ. ಹಳೆಯ ಎಲೆಯಿಂದ ಹುಳುವನ್ನು ಕೈಯಲ್ಲಿ ಎತ್ತಬೇಡಿ. ಹೊಸ ಕಡ್ಡಿಯನ್ನು ಪಕ್ಕದಲ್ಲಿಟ್ಟರೆ ತಾನೇ ದಾಟಿಕೊಳ್ಳುತ್ತದೆ.

ಹಾಸಿಗೆಯ ಪೇಪರ್ ದಿನಾ ಬದಲಿಸಿ. ಹಿಕ್ಕೆ ಉಳಿದರೆ ಬೂಸ್ಟು ಬರುತ್ತದೆ, ಬೂಸ್ಟು ಬಂದರೆ ರೋಗ. ಎಸೆಯುವ ಮುಂಚೆ ಹಿಕ್ಕೆಯನ್ನು ಒಂದು ಸಲ ನೋಡಿ. ಹುಳುವಿನ ಆರೋಗ್ಯ ಅಲ್ಲೇ ಬರೆದಿರುತ್ತದೆ. ಗಟ್ಟಿ ಕಾಳಿನ ಹಾಗಿದ್ದರೆ ಚೆನ್ನಾಗಿದೆ ಅಂತ. ಎಳೆ ಹುಳು ನೀರು ನೀರಾಗಿ ಹಾಕಿದರೆ ಸೊಪ್ಪಿನಲ್ಲಿ ತೇವ ಜಾಸ್ತಿಯಾಗಿದೆ, ಇಲ್ಲವೇ ಕಾಯಿಲೆ.

ಎರಡು ಮೂರು ವಾರದಲ್ಲಿ ನಾಲ್ಕು ಜ್ವರ ಬರುತ್ತವೆ. ಆಗ ಹುಳು ತಿನ್ನುವುದು ಬಿಟ್ಟು, ಎಲೆ ಮೇಲೆ ತೆಳುವಾಗಿ ನೂಲು ಹಾಸಿಕೊಂಡು, ಒಂದು ದಿನ ಅಲುಗಾಡದೆ ಕೂರುತ್ತದೆ. ಸತ್ತಿದೆ ಅಂದುಕೊಂಡು ಬಿಸಾಡುವವರು ಇದ್ದಾರೆ. ಕಾಯಿರಿ. ತಲೆಯ ಚಿಪ್ಪು ಬೇರೆಯಾಗಿ ಕಳಚಿ ಬೀಳುತ್ತದೆ, ಕಾಲುಚೀಲ ಬಿಚ್ಚಿದ ಹಾಗೆ ಹಳೆಯ ಚರ್ಮ ಹಿಂದಕ್ಕೆ ಸರಿಯುತ್ತದೆ. ಎಷ್ಟೋ ಸಲ ಆ ಚರ್ಮವನ್ನೂ ತಿಂದುಬಿಡುತ್ತದೆ.

ನಾಲ್ಕನೇ ಜ್ವರದಿಂದ ಎದ್ದ ಹುಳು ನಿಮಗೆ ಗುರುತೇ ಸಿಗುವುದಿಲ್ಲ. ಹಿಕ್ಕೆಯ ವೇಷ ಹೋಯಿತು. ಈಗ ಪೂರ್ತಿ ಹಸಿರು, ಬದಿಯಲ್ಲಿ ಕಂದು ಪಟ್ಟೆ, ಬೆನ್ನಿನ ಮುಂಭಾಗದಲ್ಲಿ ಕಣ್ಣಿನ ಹಾಗೆ ಕಾಣುವ ಗುರುತು. ನಿಜವಾದ ತಲೆ ಅದರ ಕೆಳಗೆ ಮುದುಡಿಕೊಂಡಿರುತ್ತದೆ. ಕಿರುಬೆರಳಿನಷ್ಟು ದಪ್ಪ ಆಗುತ್ತದೆ. ಮಕ್ಕಳು ಕೊಂಬು ನೋಡಬೇಕು ಅಂತ ಪದೇ ಪದೇ ಚುಚ್ಚುತ್ತಾರೆ. ಒಂದು ಸಲ ತೋರಿಸಿ, ಸಾಕು. ಅದು ಹೆದರಿಕೆಗೆ ಹೊರಬರುವ ಕೊಂಬು. ಜೀವಶಾಸ್ತ್ರದವರು ಆಸ್ಮೆಟೀರಿಯಂ ಅನ್ನುತ್ತಾರೆ.

ಹುಳು ಹಣ್ಣಾದಾಗ

ನನಗೆ ಇಡೀ ತಿಂಗಳಲ್ಲಿ ಇಷ್ಟವಾದ ರಾತ್ರಿ ಇದು. ತಪ್ಪಿಸಿಕೊಳ್ಳುವುದೂ ಬಹಳ ಸುಲಭ.

ಒಂದು ಸಂಜೆ ಹಾಸಿಗೆ ಮೇಲೆ ಹಸಿರು ಮಿಶ್ರಿತ ದೊಡ್ಡ ಒದ್ದೆ ಹಿಕ್ಕೆ ಬಿದ್ದಿರುತ್ತದೆ. ಕಾಯಿಲೆ ಅಂತ ಗಾಬರಿ ಬೇಡ. ಹುಳು ಹೊಟ್ಟೆ ಖಾಲಿ ಮಾಡಿಕೊಂಡಿದೆ, ಹಣ್ಣಾಗಿದೆ. ಆಮೇಲೆ ಅದು ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಡಬ್ಬಿಯ ಗೋಡೆ ಹತ್ತಿ ಇಳಿದು, ಪರದೆ ಸುತ್ತಿ, ಜಾಗ ಹುಡುಕುತ್ತದೆ. ಮೈ ಚಿಕ್ಕದಾಗುತ್ತದೆ. ಪರದೆ ಸಡಿಲ ಇದ್ದರೆ ಈ ಹೊತ್ತಿನಲ್ಲೇ ಪರಾರಿ. ನನ್ನದೊಂದು ಹುಳು ಓಡಿಹೋಗಿ, ವಾರದ ಮೇಲೆ ಕಿಟಕಿ ಪರದೆಯ ಹಿಂದೆ ಕೋಶವಾಗಿ ಸಿಕ್ಕಿತ್ತು.

ರೇಷ್ಮೆ ಹುಳು ಹಣ್ಣಾದರೆ ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ನಮ್ಮ ಹುಳುವಿಗೆ ಬೆರಳಿನಷ್ಟು ದಪ್ಪದ ಒಣ ಕಡ್ಡಿಯೇ ಚಂದ್ರಿಕೆ. ಡಬ್ಬಿಯಲ್ಲಿ ಓರೆಯಾಗಿ ನಿಲ್ಲಿಸಿ. ರಾತ್ರಿ ಲೈಟು ಮಂದ ಮಾಡಿ ನೋಡುತ್ತಾ ಕೂತರೆ ಕಾಣುತ್ತದೆ: ಮೊದಲು ಕಡ್ಡಿಯ ಒಂದು ಜಾಗದಲ್ಲಿ ತಲೆ ಆಡಿಸುತ್ತಾ ನೂಲಿನ ಚಿಕ್ಕ ಗುಡ್ಡೆ ಮಾಡುತ್ತದೆ. ತಿರುಗಿ ನಿಂತು ಬಾಲದ ತುದಿಯನ್ನು ಅದಕ್ಕೆ ಸಿಕ್ಕಿಸುತ್ತದೆ. ಆಮೇಲೆ ತಲೆಯನ್ನು ಎಡಕ್ಕೆ ಬಗ್ಗಿಸಿ ಒಂದು ಎಳೆ ಅಂಟಿಸಿ, ಅದನ್ನೇ ಎಳೆದು ತಂದು ಬಲಕ್ಕೆ ಅಂಟಿಸಿ, ಮತ್ತೆ ಎಡಕ್ಕೆ. ಹೀಗೆ ಎಳೆ ಮೇಲೆ ಎಳೆ ಸೇರಿಸಿ ಒಂದು ಹಗ್ಗ. ಕೊನೆಗೆ ಆ ಹಗ್ಗದೊಳಗೆ ತಲೆ ತೂರಿಸಿ, ತೆಂಗಿನ ಮರ ಹತ್ತುವವರು ಸೊಂಟಕ್ಕೆ ಹಗ್ಗ ಹಾಕಿಕೊಂಡು ಹಿಂದಕ್ಕೆ ಒರಗುತ್ತಾರಲ್ಲ, ಹಾಗೆ ಒರಗಿಕೊಳ್ಳುತ್ತದೆ.

ಅಷ್ಟೇ ನೂಲು. ರೇಷ್ಮೆ ಹುಳುವಿನ ಹಾಗೆ ಮೈ ಸುತ್ತ ಗೂಡು ಕಟ್ಟುವುದಿಲ್ಲ. ಸುಮಾರು ಒಂದು ದಿನ ಹಾಗೆ ಒರಗಿದ್ದು ಕೊನೆಯ ಚರ್ಮ ಕಳಚುತ್ತದೆ, ಒಳಗಿರುವುದು ಕೋಶ. ಎಲೆ ನಡುವೆ ಕಟ್ಟಿದರೆ ಸಾಮಾನ್ಯವಾಗಿ ಹಸಿರು, ಒರಟು ಒಣ ಕಡ್ಡಿಗೆ ಕಟ್ಟಿದರೆ ಕಂದು. ಎರಡು ಹುಳು ಇದ್ದರೆ ಒಂದನ್ನು ಸೊಪ್ಪಿನ ಕಡ್ಡಿಗೂ ಇನ್ನೊಂದನ್ನು ಒಣ ಕಡ್ಡಿಗೂ ಬಿಟ್ಟು ನೋಡಿ.

ಕಾಯುವ ದಿನಗಳು

ಎಂಟರಿಂದ ಹದಿನಾಲ್ಕು ದಿನ. ಚಳಿಗಾಲದಲ್ಲಿ, ಒಣ ಹವೆಯಲ್ಲಿ ಇನ್ನೂ ಜಾಸ್ತಿ ಆಗಬಹುದು. ಮುಟ್ಟಬೇಡಿ, ಜಾಗ ಬದಲಿಸಬೇಡಿ. ಕೆಳಗೆ ಬಿದ್ದಿದ್ದರೆ ಪೇಪರಿನಲ್ಲಿ ಕಡಲೆಕಾಯಿ ಪೊಟ್ಟಣದ ಹಾಗೆ ಚಿಕ್ಕ ಕೋನ್ ಮಾಡಿ, ತಲೆ ಮೇಲಿರುವಂತೆ ಕೋಶವನ್ನು ಅದರಲ್ಲಿ ನಿಲ್ಲಿಸಿ, ಡಬ್ಬಿ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಹತ್ತಲು ಒರಟು ಬಟ್ಟೆ ಇರಲಿ.

ಎಲ್ಲ ಕೋಶದಿಂದಲೂ ಚಿಟ್ಟೆ ಬರುವುದಿಲ್ಲ. ನಾನು ಮೊದಲ ವರ್ಷ ಗಿಡದಿಂದ ತಂದ ಒಂದು ಕೋಶ ಹನ್ನೆರಡನೇ ದಿನ ಒಣ ಕಂದು ಆಗಿತ್ತು. ಪಕ್ಕೆಯಲ್ಲಿ ಸೂಜಿ ಚುಚ್ಚಿದಂಥ ತೂತು. ಡಬ್ಬಿಯೊಳಗೆ ಸಾಸಿವೆಗಿಂತ ಚಿಕ್ಕ, ಹಸಿರು ಮಿಂಚಿನ ಕಣಜಗಳು ಓಡಾಡುತ್ತಿದ್ದವು. ಎಣಿಸಲು ಶುರು ಮಾಡಿ ಅರವತ್ತಕ್ಕೆ ಬಿಟ್ಟೆ. ಈ ಕಣಜ ಒರಗಿದ ಹುಳುವಿನ ಪಕ್ಕದಲ್ಲೇ ಕಾದು ಕೂತಿರುತ್ತದೆ. ಚರ್ಮ ಕಳಚಿ ಕೋಶ ಇನ್ನೂ ಮೆತ್ತಗಿರುವಾಗಲೇ ಮೊಟ್ಟೆ ಚುಚ್ಚುತ್ತದೆ. ಮರಿಗಳು ಒಳಗಿನಿಂದ ಪೂರ್ತಿ ತಿಂದು ಬರುತ್ತವೆ. ಕೆಲವು ನೊಣಗಳದ್ದೂ ಇದೇ ಕಸುಬು. 1980ರಲ್ಲಿ ಕರ್ನಾಟಕಕ್ಕೆ ಬಂದು ರೇಷ್ಮೆಯವರ ನಿದ್ದೆ ಕೆಡಿಸಿದ ಊಜಿ ನೊಣವೂ ಇದೇ ಜಾತಿಯ ಸಂಸಾರದ್ದು. ಊಜಿ ಕಾಟಕ್ಕೇ ರೇಷ್ಮೆ ಮನೆಯ ಕಿಟಕಿಗೆಲ್ಲ ಜಾಲರಿ ಹಾಕುತ್ತಾರೆ. ನಿಮ್ಮ ಡಬ್ಬಿಯ ಪರದೆಯೂ ಅದಕ್ಕೇ. ಮೊಟ್ಟೆ ಅಥವಾ ಚಾಕಿಯಲ್ಲೇ ಒಳಗೆ ತಂದರೆ ಈ ಕಾಟ ಕಡಿಮೆ.

ಹೊರಬರುವ ಬೆಳಗ್ಗೆ

ಹಿಂದಿನ ದಿನ ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಹಳದಿ ಚುಕ್ಕೆಗಳು ಹೊರಗೆ ಕಾಣುತ್ತವೆ. ಚುಕ್ಕೆ ಕಾಣದೆ ಸುಮ್ನೆ ಕಪ್ಪಾಗಿ, ಮೆತ್ತಗಾಗಿ, ವಾಸನೆ ಬಂದರೆ ಸತ್ತಿದೆ ಅಂತ.

ಹೆಚ್ಚಾಗಿ ಬೆಳಗ್ಗೆಯೇ ಬರುತ್ತದೆ. ಹೊರಬಂದಾಗ ಹೊಟ್ಟೆ ಊದಿಕೊಂಡು, ರೆಕ್ಕೆ ಹಿಂಡಿದ ಕರ್ಚೀಫಿನ ಹಾಗಿರುತ್ತದೆ. ಸರಸರ ಮೇಲೆ ಹತ್ತಿ ನೇತಾಡುತ್ತದೆ, ಹೊಟ್ಟೆಯ ದ್ರವ ರೆಕ್ಕೆಗೆ ಹರಿದು ಅರ್ಧ ಗಂಟೆಯೊಳಗೆ ಬಿಚ್ಚಿಕೊಳ್ಳುತ್ತವೆ. ಈ ಹೊತ್ತಿನಲ್ಲಿ ಸಹಾಯ ಮಾಡುತ್ತೇನೆ ಅಂತ ಬೆರಳಿಟ್ಟರೆ ರೆಕ್ಕೆ ಜೀವನಪೂರ್ತಿ ಸೊಟ್ಟ. ಬಣ್ಣದ ನೀರು ಒಂದೆರಡು ಹನಿ ಬಿಡುತ್ತದೆ, ರಕ್ತವಲ್ಲ, ಕೋಶದಲ್ಲಿ ಉಳಿದ ಕಸ ಅದು. ಎರಡು ಮೂರು ಗಂಟೆ ಆದ ಮೇಲೆ ಡಬ್ಬಿಯನ್ನು ಗಿಡದ ಹತ್ತಿರ ಇಟ್ಟು ಪರದೆ ತೆಗೆಯಿರಿ. ಜೋರು ಮಳೆ ಇದ್ದರೆ ಮಾರನೇ ದಿನದವರೆಗೆ ಇಟ್ಟುಕೊಳ್ಳಿ, ಒಂದು ದಿನದ ಹಸಿವು ತಡೆಯುತ್ತದೆ.

ಕಪ್ಪು ರೆಕ್ಕೆ ತುಂಬ ತಿಳಿ ಹಳದಿ ಮಚ್ಚೆ, ಹಿಂರೆಕ್ಕೆಯಲ್ಲಿ ಒಂದು ಕೆಂಪು ಚುಕ್ಕೆ, ಬಾಲ ಇಲ್ಲ ಅಂದರೆ ನಿಂಬೆ ಚಿಟ್ಟೆ. ಹಿಂರೆಕ್ಕೆಗೆ ಬಾಲ ಇದ್ದು, ಅಡ್ಡಕ್ಕೆ ಬಿಳಿ ಚುಕ್ಕೆಗಳ ಸಾಲು ಇದ್ದರೆ ಮಾರ್ಮನ್. ಮಾರ್ಮನ್ ಹೆಣ್ಣಿಗೆ ಮಾತ್ರ ಮೂರು ವೇಷ. ಒಂದು ಗಂಡಿನ ಹಾಗೇ. ಉಳಿದೆರಡು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಚಿಟ್ಟೆಗಳ ನಕಲು. ಆ ಎರಡೂ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ಇಟ್ಟುಕೊಂಡಿರುವ ಚಿಟ್ಟೆಗಳು, ಹಕ್ಕಿಗಳು ಹತ್ತಿರ ಹೋಗುವುದಿಲ್ಲ. ಕರಿಬೇವು ತಿಂದು ಬೆಳೆದ ಮಾರ್ಮನ್ ವೇಷ ಒಂದರಿಂದಲೇ ಬದುಕಿಕೊಳ್ಳುತ್ತದೆ.

ಗಿಡದಲ್ಲೇ ಬಿಟ್ಟವು

ಗಿಡದಲ್ಲಿ ಆರು ಹುಳು ಇದ್ದರೆ ಒಂದನ್ನು ಒಳಗೆ ತನ್ನಿ, ಐದನ್ನು ಅಲ್ಲೇ ಬಿಡಿ. ಇದು ದಯೆಯ ಮಾತಲ್ಲ, ನೋಡುವುದಕ್ಕೆ ಅಲ್ಲೇ ಜಾಸ್ತಿ ಇದೆ. ಒಂದು ಹಳೆಯ ನೋಟ್‌ಬುಕ್ ಇಡಿ. ದಿನಾಂಕ, ಹೊತ್ತು, ಎಷ್ಟು ಹುಳು, ಪಕ್ಕದಲ್ಲಿ ಯಾರಿದ್ದರು, ಇಷ್ಟು ಬರೆದರೆ ಸಾಕು. ನನ್ನ ಒಂದು ಪುಟ ಹೀಗಿದೆ: ಸೋಮವಾರ 6 ಹುಳು. ಮಂಗಳವಾರ 6. ಬುಧವಾರ 4, ಸಿಂಪಿಗ ಹಕ್ಕಿ ಎರಡು ಸಲ ಬಂತು. ಗುರುವಾರ 3, ಮಣ್ಣಿನ ಗೂಡು ಕಟ್ಟುವ ಕಣಜ ಒಂದನ್ನು ಎಳೆದುಕೊಂಡು ಹೋಯಿತು. ಶುಕ್ರವಾರ 3, ಕುಂಡದ ಅಂಚಿನಲ್ಲಿ ಓತಿಕ್ಯಾತ.

ಕರಿಬೇವು ಬಿಟ್ಟು ಬೇರೆ ಗಿಡಗಳನ್ನೂ ನೋಡಿ. ಎಕ್ಕದ ಎಲೆಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಇದ್ದರೆ ಪ್ಲೇನ್ ಟೈಗರ್. ಕಣಗಿಲೆ ಎಲೆಯ ಕೆಳಗೆ ಬೆಳ್ಳಿ ಓಲೆಯ ಹಾಗೆ ಮಿಂಚುವ ಕೋಶ ನೇತಾಡುತ್ತಿದ್ದರೆ ಕಾಮನ್ ಕ್ರೋ. ನಂದಿಬಟ್ಟಲಲ್ಲಿ ಹೆಬ್ಬೆರಳು ಗಾತ್ರದ ಹಸಿರು ಹುಳು, ಮೇಲೆ ಎರಡು ನೀಲಿ ಕಣ್ಣು ಇದ್ದರೆ ಅದು ಚಿಟ್ಟೆಯಲ್ಲ, ಪತಂಗ. ಬಾಲದಲ್ಲಿ ಮುಳ್ಳಿನಂಥ ಕೊಂಬು ಇದ್ದರೂ ಚುಚ್ಚುವುದಿಲ್ಲ. ಗುರುತು ಸಿಗದಿದ್ದರೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ಯಾವ ಗಿಡದ ಮೇಲಿತ್ತು ಅಂತ ಮರೆಯದೆ ಬರೆಯಿರಿ. ಹುಳು ಗುರುತಿಸಲು ಗಿಡವೇ ದೊಡ್ಡ ಸುಳಿವು.

ದೊಡ್ಡ ಚಿಟ್ಟೆಗಳಿಗೆ ಜೇನು ಬೇಕು. ಕೇಪಳ, ರತ್ನಗಂಧಿ, ಪೆಂಟಾಸ್, ದಾಸವಾಳ ಯಾವುದಾದರೂ ಒಂದು ಬಿಸಿಲಿರುವ ಕಡೆ ಇಡಿ. ಬೋಳಾದ ಕರಿಬೇವಿಗೆ ಹೆದರಬೇಡಿ. ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ. ಚಿಗುರು ಬರುವಷ್ಟರಲ್ಲಿ ಡಬ್ಬಿಯನ್ನು ಸೋಪು ನೀರಲ್ಲಿ ತಿಕ್ಕಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿಡಿ. ಒಂದು ಬೆಳೆ ಮುಗಿದ ಮೇಲೆ ಹುಳು ಮನೆ ತೊಳೆಯದೆ ಇನ್ನೊಂದು ಬೆಳೆ ಹುಳು ತರುವುದಕ್ಕೆ ಅಜ್ಜಿ ಒಪ್ಪುತ್ತಲೇ ಇರಲಿಲ್ಲ.